ಮನೆಯ ಮಾನವೂ ಮನದ ನೋವೂ

ಕಾಲು ಮುರಿದವನನ್ನು ಗಾಡಿಯಲ್ಲಿ ಮಲಗಿಸಿ ಹಾಡುಹಗಲಿನಲ್ಲಿ ಆಸ್ಪತ್ರೆಗೆ ಕೊಂಡೊಯ್ಯುವ ಮನೆಯವರು, ಮನಸ್ಸು ಕುಗ್ಗಿದವನನ್ನು ಒಳಕೋಣೆಯಲ್ಲಿ ಅಡಗಿಸಿಡುವುದೇಕೆ? ದೇಹದ ವ್ಯಾಧಿಯನ್ನು ವಿಧಿಯ ಕೃತ್ಯವೆಂದೂ ಮನಸ್ಸಿನ ವ್ಯಾಧಿಯನ್ನು ಕುಲದ ಕಳಂಕವೆಂದೂ ಜನರು ಎಣಿಸಿರುವರಷ್ಟೆ. ಮನೆಯ ಮಾನವನ್ನು ಕಾಪಾಡುವುದು ಗೃಹಸ್ಥನ ಧರ್ಮವೆಂಬುದನ್ನು ಯಾರೂ ಅಲ್ಲಗಳೆಯರು. ಆದರೆ ಆ ಮಾನದ ಬೆಲೆಯನ್ನು ಮನೆಯಲ್ಲಿ ಎಲ್ಲರಿಗಿಂತ ದುರ್ಬಲರಾದವರಿಂದಲೇ ವಸೂಲು ಮಾಡುವುದು ಧರ್ಮವಾದೀತೆ?

ಹರಪನಹಳ್ಳಿ ಸೀಮೆಯ ಬಾಗಳಿಯಲ್ಲಿ ಒಂದು ಮನೆಯನ್ನು ಊಹಿಸಿಕೊಳ್ಳೋಣ. ಬಾಣಂತನ ಮುಗಿಸಿಕೊಂಡು ತವರಿನಿಂದ ಬಂದ ಸೊಸೆಗೆ ರಾತ್ರಿ ನಿದ್ರೆಯಿಲ್ಲ. ಒಲೆಯ ಮುಂದೆ ಕುಳಿತವಳು ಹಾಲು ಉಕ್ಕಿದರೂ ಏಳಳು. ಕೂಸು ಅತ್ತರೆ ತಾನೂ ಅಳುವಳು. "ಉಣ್ಣಾಕ ಉಡಾಕ ಏನು ಕಮ್ಮಿ ಮಾಡೀವಿ ಈಕಿಗೆ?" ಎನ್ನುವಳು ಅತ್ತೆ. ಆಕೆಯನ್ನು ಕ್ರೂರಿಯೆನ್ನಲಾಗದು, ಬರದ ನೆಲದಲ್ಲಿ ಬಾಳಿದ ಆಕೆಗೆ ದುಃಖವೆಂದರೆ ಹಸಿವು. ಗಂಡನು ಮೌನಿ. ಉಚ್ಚಂಗಿಯ ಅಮ್ಮನಿಗೆ ಹರಕೆ ಹೊತ್ತದ್ದಾಯಿತು; ಬೀಗರಿಗೆ ಸುದ್ದಿ ಮುಟ್ಟಕೂಡದೆಂದು ಕಟ್ಟಪ್ಪಣೆಯೂ ಆಯಿತು.

ಹರಕೆಯಲ್ಲಿ ದೋಷವಿಲ್ಲ. ಚರಕಸಂಹಿತೆಯು ಚಿಕಿತ್ಸೆಯನ್ನು ಮೂರು ಬಗೆಯೆಂದು ಹೇಳುವಾಗ ದೈವವ್ಯಪಾಶ್ರಯವನ್ನೇ ಮೊದಲು ಎಣಿಸುತ್ತದೆ. ಆದರೆ ಅಲ್ಲಿಗೇ ನಿಲ್ಲದೆ, ಯುಕ್ತಿಯಿಂದ ಯೋಜಿಸಿದ ಆಹಾರೌಷಧಗಳನ್ನೂ, ಅಹಿತವಾದುದರಿಂದ ಮನಸ್ಸನ್ನು ಹಿಂದೆಗೆಯುವ ಸತ್ತ್ವಾವಜಯವನ್ನೂ ಸೇರಿಸುತ್ತದೆ. ಮೊದಲನೆಯದನ್ನು ಹಿಡಿದು ಉಳಿದೆರಡನ್ನು ಮರೆತವರು ಶಾಸ್ತ್ರಕಾರರಲ್ಲ.

ಇಂತಹ ಮನೆಯವರು ಎದುರಿಗೆ ಬಂದಾಗ ಮನೋವೈದ್ಯನು ಸೊಸೆಗೆ ಏನಾಗಿದೆಯೆಂಬುದನ್ನು ಮಾತ್ರವಲ್ಲದೆ, ಅವಳ ಮಾತನ್ನು ಕೇಳುವವರು ಮನೆಯಲ್ಲಿ ಯಾರಿದ್ದಾರೆಂಬುದನ್ನೂ ವಿಚಾರಿಸುತ್ತಾನೆ. ಹೆರಿಗೆಯ ತರುವಾಯ ಕೆಲವರಿಗೆ ಖಿನ್ನತೆಯುಂಟಾಗುವುದು ಒಂದು ವ್ಯಾಧಿ. ಅದು ಸೋಮಾರಿತನವೂ ಅಲ್ಲ, ಗುಣದೋಷವೂ ಅಲ್ಲ. ಬೇಕಾದಲ್ಲಿ ಔಷಧವುಂಟು. ಇರುಳಿನಲ್ಲಿ ಕೂಸನ್ನು ಬೇರೊಬ್ಬರು ಎತ್ತಿಕೊಂಡು ಅವಳನ್ನು ಮಲಗಗೊಡುವುದೂ ಚಿಕಿತ್ಸೆಯೇ. ಬದುಕೇ ಬೇಡವೆಂಬ ಮಾತು ಅವಳ ಬಾಯಿಂದ ಬಂದರೆ ಮಾತ್ರ ಒಂದು ಗಳಿಗೆಯೂ ತಡಮಾಡದೆ ವೈದ್ಯರಲ್ಲಿಗೆ ಕರೆದೊಯ್ಯಬೇಕು.

ಈ ಸೀಮೆಗೆ ಇದು ಹೊರಗಿನ ವಿದ್ಯೆಯೂ ಅಲ್ಲ. ಹರಪನಹಳ್ಳಿಯು ಬಳ್ಳಾರಿ ಜಿಲ್ಲೆಗೆ ಸೇರಿದ್ದ ಕಾಲದಲ್ಲಿ, 1980ರ ದಶಕದಲ್ಲಿ, ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯವರು ಆ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಕಾರ್ಯಕರ್ತರಿಗೂ ಮನೋವ್ಯಾಧಿಗಳನ್ನು ಗುರುತಿಸುವ ಶಿಕ್ಷಣವನ್ನು ಕೊಟ್ಟರು. 1996ರಲ್ಲಿ ದೇಶದಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಬಳ್ಳಾರಿಯೇ ಮಾದರಿ. ದೂರದ ಊರಿಗೆ ಹೋಗಲಾರದವರು ಮನೆಯಿಂದಲೇ ಮಾತನಾಡಲೆಂದು 2022ರಿಂದ 14416 ಎಂಬ ದೂರವಾಣಿಯೂ ಇದೆ. ಬಾಗಿಲು ತೆರೆದಿದೆ, ಹೊಸ್ತಿಲು ದಾಟಲು ಮನೆಯವರೇ ಹಿಂಜರಿಯುತ್ತಾರೆ.

"ಧೈರ್ಯ ತಂದುಕೋ" ಎಂಬುದು ಹಿರಿಯರ ಸಿದ್ಧೌಷಧ. ಗೀತೆಯನ್ನು ನಿತ್ಯವೂ ಪಾರಾಯಣ ಮಾಡುವವರೂ ಒಂದು ವಿಷಯವನ್ನು ಗಮನಿಸಿದಂತಿಲ್ಲ. ಅರ್ಜುನನು ಕೈಕಾಲು ಸೋತು, ಮೈ ನಡುಗಿ, ಬಿಲ್ಲನ್ನು ಕೆಳಗಿಟ್ಟು ಕುಳಿತಾಗ ಶ್ರೀಕೃಷ್ಣನು ಅವನ ಮಾತನ್ನು ಪೂರ್ತಿಯಾಗಿ ಕೇಳಿದನು. ಆಮೇಲೆ ಆಡಿದ ಮೊದಲ ಮಾತು ಗದರಿಕೆ. ಹೇಡಿತನ ಬೇಡ, ಏಳು ಎಂದನು. ಅರ್ಜುನನು ಏಳಲಿಲ್ಲ, ಯುದ್ಧ ಮಾಡೆನೆಂದು ಸುಮ್ಮನಾದನು. ಭಗವಂತನ ಗದರಿಕೆಗೂ ಏಳದ ಮನಸ್ಸು ಅತ್ತೆಯ ಗದರಿಕೆಗೆ ಎದ್ದೀತೆ?

ಅತ್ತೆಯನ್ನೂ ಮನೋವೈದ್ಯನು ಬಿಡುವುದಿಲ್ಲ. "ನಿಮ್ಮ ಚೊಚ್ಚಲ ಬಾಣಂತನದಾಗ ನಿಮಗ ನಿದ್ದಿ ಬರ್ತಿತ್ತೇನಮ್ಮಾ?" ಎಂದು ಕೇಳುತ್ತಾನೆ. ಆಕೆ ಬಹಳ ಹೊತ್ತು ಸೆರಗಿನ ಅಂಚನ್ನು ಮಡಿಸುತ್ತ ಕುಳಿತಿದ್ದು, ಮಗನಿಗೂ ತಿಳಿಯದ ಮೂವತ್ತು ವರ್ಷದ ಹಿಂದಿನ ಮಾತನ್ನು ಮೆಲ್ಲಗೆ ತೆಗೆಯುತ್ತಾಳೆ.