ಅಗ್ಗದ ಅಕ್ಕಿಯ ಭಾರ ಹೊರುವವರು ಯಾರು?

ವಿಶ್ವೇಶ್ವರಪುರದ ತಿಂಡಿ ಬೀದಿಯಲ್ಲಿ ಸಂಜೆ ಒಂದು ಸುತ್ತು ಬನ್ನಿ. ಇಡ್ಲಿ, ದೋಸೆ, ಪಡ್ಡು, ಅಕ್ಕಿರೊಟ್ಟಿ - ಎಲ್ಲಕ್ಕೂ ಮೂಲ ಅಕ್ಕಿಯೇ. ಆದರೆ ಪಟ್ಟಣವಾಸಿಗಳಾದ ನಮಗೆ ಅಕ್ಕಿಯ ನೆನಪಾಗುವುದು ಅದರ ಬೆಲೆ ಏರಿದಾಗ ಮಾತ್ರ. ಆಗ ‘ಸರ್ಕಾರ ಏನು ಮಾಡುತ್ತಿದೆ?’ ಎಂದು ಕೇಳುತ್ತೇವೆ. ಸರ್ಕಾರ ಏನಾದರೂ ಮಾಡಿದಾಗ ಅದರ ಭಾರ ಯಾರ ಹೆಗಲಿಗೆ ಬಿತ್ತೆಂದು ಕೇಳುವವರು ಕಡಿಮೆ.

2023ರ ಜುಲೈ 20ರಂದು ಕೇಂದ್ರ ಸರ್ಕಾರ ಬಾಸ್ಮತಿಯಲ್ಲದ ಬಿಳಿ ಅಕ್ಕಿಯ ರಫ್ತನ್ನು ನಿಷೇಧಿಸಿತು. ಒಂದೇ ವರ್ಷದಲ್ಲಿ ಚಿಲ್ಲರೆ ಬೆಲೆ ಶೇ. 11.5ರಷ್ಟು ಏರಿದೆ ಎಂಬುದು ಅದು ಕೊಟ್ಟ ಕಾರಣ. ಗಂಗಾವತಿ, ಸಿಂಧನೂರಿನ ಗದ್ದೆಗಳಲ್ಲಿ ಬೆಳೆಯುವ ಸೋನಾ ಮಸೂರಿಯೂ ಇದರಲ್ಲಿ ಸೇರಿತು. ಅದೇ ವರ್ಷ ಮಳೆ ಕೈಕೊಟ್ಟು, ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಿತವಾದವು. ಇಳುವರಿ ಕುಸಿದ ವರ್ಷದಲ್ಲಿ ರೈತನ ನಷ್ಟ ತುಂಬಬಲ್ಲದ್ದು ಏರಿದ ಬೆಲೆಯೊಂದೇ. ಆ ಏರಿಕೆಗೆ ಕಡಿವಾಣ ಹಾಕುವುದೇ ನಿಷೇಧದ ಉದ್ದೇಶವಾಗಿತ್ತು. ಆದರೆ ಕೂಲಿಯ ಖರ್ಚಿಗೆ ಅಂಥ ಕಡಿವಾಣವಿರಲಿಲ್ಲ. ಸಾಮಾನ್ಯ ಭತ್ತಕ್ಕೆ ಕ್ವಿಂಟಾಲಿಗೆ 2183 ರೂಪಾಯಿ ಬೆಂಬಲ ಬೆಲೆ ಇತ್ತು, ನಿಜ. ಆದರೆ ಸಾಲ ತೀರಿಸುವ ಆತುರದಲ್ಲಿ ಕಣದಲ್ಲೇ ಮಾರುವ ಸಣ್ಣ ರೈತನಿಗೆ ಅದು ದಕ್ಕುವುದು ಕಷ್ಟ. ನಿಷೇಧ ತೆರವಾದದ್ದು 2024ರ ಸೆಪ್ಟೆಂಬರಿನಲ್ಲಿ.

ಹಾಗಾದರೆ ಅಕ್ಕಿ ದುಬಾರಿಯಾಗಲಿ ಎನ್ನೋಣವೇ? ಅದೂ ಸರಿಯಲ್ಲ. ಮನೆಗೆಲಸದವರು, ಕಟ್ಟಡ ಕಾರ್ಮಿಕರು, ಅಷ್ಟೇ ಏಕೆ, ಭತ್ತ ನಾಟಿ ಮಾಡುವ ಕೂಲಿ ಹೆಂಗಸರೂ ಅಕ್ಕಿಯನ್ನು ಕೊಂಡೇ ಉಣ್ಣುವವರು. ಹಸಿದವರಿಗೆ ಅನ್ನ ಸಿಗಲೇಬೇಕು. ಪ್ರಶ್ನೆ ಇಷ್ಟೇ: ಆ ಕರ್ತವ್ಯದ ಖರ್ಚನ್ನು ಎಲ್ಲರೂ ಹಂಚಿಕೊಳ್ಳಬೇಕೋ, ಅನ್ನ ಬೆಳೆದವನೊಬ್ಬನೇ ಹೊರಬೇಕೋ?

ಇನ್ನೊಂದು ದಾರಿಯನ್ನು ಅದೇ 2023ರಲ್ಲಿ ನಾವು ಕಂಡೆವು. ಅನ್ನಭಾಗ್ಯಕ್ಕೆ ಬೇಕಾದ ಹೆಚ್ಚುವರಿ ಅಕ್ಕಿ ಸಿಗದಿದ್ದಾಗ ರಾಜ್ಯ ಸರ್ಕಾರ ಕಿಲೋಗೆ 34 ರೂಪಾಯಿಯಂತೆ, ತಲಾ 170 ರೂಪಾಯಿಯನ್ನು ಬಡವರ ಖಾತೆಗೆ ಹಾಕಿತು. ಆ ಹಣ ಬೊಕ್ಕಸದ್ದು, ಅಂದರೆ ನಮ್ಮೆಲ್ಲರದು. ಕೊರತೆಗಳೇನೇ ಇರಲಿ, ಅಲ್ಲಿ ಹೊರೆಯನ್ನು ಎಲ್ಲರೂ ಹೊತ್ತರು. ರಫ್ತು ನಿಷೇಧವಾದರೋ ಬಡವರಿಗೆ ಕೊಟ್ಟ ರಿಯಾಯಿತಿಯನ್ನೇ ಉಳ್ಳವರಿಗೂ ಕೊಡುತ್ತದೆ. ಅದರ ಪೆಟ್ಟು ಹೊರಗಿನ ಬಡವರಿಗೂ ತಟ್ಟಿತು: ಜಗತ್ತಿನ ಅಕ್ಕಿ ವ್ಯಾಪಾರದ ಸುಮಾರು ಶೇ. 40 ಭಾರತದ್ದಾದ್ದರಿಂದ ಅಂತರರಾಷ್ಟ್ರೀಯ ಬೆಲೆ 15 ವರ್ಷಗಳಲ್ಲೇ ಅತಿ ಎತ್ತರಕ್ಕೆ ಹೋಯಿತು.

1990ರ ದಶಕದ ಮೊದಲಲ್ಲಿ ಪ್ರೊ. ಎಂ.ಡಿ. ನಂಜುಂಡಸ್ವಾಮಿಯವರ ರೈತ ಸಂಘ ಡಂಕೆಲ್ ಪ್ರಸ್ತಾವನೆಯ ವಿರುದ್ಧ ಬೆಂಗಳೂರಿನಲ್ಲಿ ದನಿಯೆತ್ತಿತು. ಅಂದಿನ ಭಯ ಬಾಗಿಲು ತೆರೆಯುವುದರದು, ಮೊನ್ನೆಯ ನೋವು ಬಾಗಿಲು ಮುಚ್ಚಿದ್ದರದು. ಎರಡರಲ್ಲೂ ತೀರ್ಮಾನ ಬೇರೆಯವರದು, ಫಲ ರೈತನದು. ಒಪ್ಪಂದ ಮಾಡಿಕೊಳ್ಳುವವರು ಸಮಬಲರಲ್ಲದಿದ್ದರೆ ಬರೀ ಒಪ್ಪಿಗೆಯಿಂದ ನ್ಯಾಯವಾಗದು ಎಂದು ಜಗದ್ಗುರು ಆರನೇ ಪೌಲರು 1967ರ ತಮ್ಮ ವಿಶ್ವಪತ್ರದಲ್ಲಿ ಬೋಧಿಸಿದರು. ಕೂಲಿಯ ಬಗ್ಗೆ ಹದಿಮೂರನೇ ಲಿಯೋ 1891ರಲ್ಲಿ ಹೇಳಿದ್ದನ್ನೇ ಅವರು ವ್ಯಾಪಾರಕ್ಕೂ ಅನ್ವಯಿಸಿದರು.

ಪ್ರಿಯ ಓದುಗರೇ, ವ್ಯಾಪಾರ ನೀತಿ ನಮ್ಮ ಕೈಯಲ್ಲಿಲ್ಲ, ಮತ ನಮ್ಮ ಕೈಯಲ್ಲಿದೆ. ಮತ ಕೇಳಲು ಬಂದವರನ್ನು ಅಕ್ಕಿಯ ದರದ ಜೊತೆಗೆ ಭತ್ತದ ದರವನ್ನೂ ಕೇಳೋಣ. ಕೊಳ್ಳುವ ಶಕ್ತಿಯುಳ್ಳ ನಾವು ಕಿಲೋಗೆ ನಾಲ್ಕು ರೂಪಾಯಿ ಹೆಚ್ಚಾದಾಗ ಗೊಣಗುವ ಮೊದಲು, ಅದರಲ್ಲಿ ಬೆಳೆದವನಿಗೆಷ್ಟು ಸೇರಿತೆಂದು ಮಕ್ಕಳೆದುರಲ್ಲೇ ವಿಚಾರಿಸೋಣ.