ಆ ನಲವತ್ತು ಸಲ

ಮುಂಬಯಿಯಲ್ಲಿ ಮೂವತ್ತು ವರ್ಷ ದಾಟಿದ ಕಟ್ಟಡಗಳಿಗೆ ಸ್ಟ್ರಕ್ಚರಲ್ ಆಡಿಟ್ ಕಡ್ಡಾಯ. ಅಂಥ ಒಂದು ಸೊಸೈಟಿಯ ಕೆಲಸ ಒಮ್ಮೆ ಮೇ ತಿಂಗಳಲ್ಲಿ ನನ್ನ ಪಾಲಿಗೆ ಬಂತು. ಹ್ಯಾಮರ್ ಪರೀಕ್ಷೆ ಮುಗಿಸಿ ಇಳಿಯುತ್ತಿದ್ದಾಗ ಎರಡನೇ ಮಹಡಿಯ ಮಂಗಳೂರು ಕಡೆಯ ಅಮ್ಮ ಒಳಗೆ ಕರೆದು ಚಹಾ ಕೊಟ್ಟು ಕೇಳಿದರು: "ಈ ಮಳೆಗಾಲ ಇಲ್ಲೇ ಇರಬಹುದಾ ಮಗಾ?"

ಅವರಿಗೆ ಬೇಕಾದದ್ದು ಹೌದು ಅಥವಾ ಇಲ್ಲ. ನಮ್ಮ ವಿದ್ಯೆ ಅಷ್ಟು ನೇರವಾಗಿ ಮಾತಾಡುವುದಿಲ್ಲ. ಎಂ25 ಕಾಂಕ್ರೀಟ್ ಎಂದರೆ ಎಲ್ಲ ಕಡೆ 25ರ ಬಲ ಎಂದರ್ಥವಲ್ಲ. ನೂರು ಪರೀಕ್ಷೆಗಳಲ್ಲಿ ಐದು ಅದಕ್ಕಿಂತ ಕಡಿಮೆ ಬರಬಹುದೆಂದು ಐಎಸ್ 456 ಒಪ್ಪಿಕೊಂಡೇ ಇದೆ. ಅದಕ್ಕೇ ಕಾಂಕ್ರೀಟಿನ ಬಲವನ್ನು 1.5ರಿಂದ ಭಾಗಿಸುತ್ತೇವೆ, ಭಾರವನ್ನು 1.5ರಿಂದ ಗುಣಿಸುತ್ತೇವೆ.

ಹಳೆಯ ಕಟ್ಟಡಕ್ಕೆ ಅದು ಸಾಲದೆಂದು ಮಾಂಟೆ ಕಾರ್ಲೊ ವಿಧಾನ ಹಿಡಿದೆ. ಕಾಂಕ್ರೀಟಿನ ಬಲ, ತುಕ್ಕು ತಿಂದು ಉಳಿದ ಕಂಬಿಯ ದಪ್ಪ, ಮನೆಯೊಳಗಿನ ಭಾರ ಇವನ್ನೆಲ್ಲ ಪ್ರತಿ ಸಲ ಬದಲಿಸುತ್ತ ಕಂಪ್ಯೂಟರಿನಲ್ಲಿ 10,000 ಸಲ ಲೆಕ್ಕ ಓಡಿಸಿದೆ. 9,960 ಸಲ ಕಟ್ಟಡ ನಿಂತಿತು. 40 ಸಲ ನೆಲಮಹಡಿಯ ಮೂಲೆ ಕಂಬ ಸೋತಿತು. ಶೇಕಡಾ 0.4. ವರದಿಯಲ್ಲಿ ಬರೆಯಲು ಚೆಂದದ ಸಂಖ್ಯೆ.

ರಾತ್ರಿ ಲೋಕಲ್‌ನಲ್ಲಿ ನಿಂತಿದ್ದಾಗ ಅದು ಚುಚ್ಚತೊಡಗಿತು. ಅಮ್ಮನಿಗೆ ಹತ್ತು ಸಾವಿರ ಕಟ್ಟಡಗಳಿಲ್ಲ, ಒಂದೇ ಇದೆ. ಆ ಕಂಬದ ಬಲವೂ ಒಂದೇ. ಅನುಮಾನ ಇರುವುದು ಕಂಬದಲ್ಲಲ್ಲ, ನನ್ನ ತಲೆಯಲ್ಲಿ. ನಾಳೆಯ ಭೂಕಂಪ ಎಷ್ಟು ದೊಡ್ಡದೆಂದು ಯಾರಿಗೂ ಗೊತ್ತಿಲ್ಲ. ಆ ಅಜ್ಞಾನಕ್ಕೆ ಕ್ಷಮೆ ಇದೆ. ಆದರೆ ಮೂಲೆ ಕಂಬ ಕಿರಾಣಿ ಅಂಗಡಿಯ ಕಪಾಟಿನ ಹಿಂದಿತ್ತು. ಮಾಲೀಕರು ಆಗೋದಿಲ್ಲ ಅಂದರು, ನಾನು ಉಳಿದ ಕಂಬಗಳ ಸರಾಸರಿಯನ್ನೇ ಅದಕ್ಕೂ ಹಾಕಿದ್ದೆ. ಹೋಗಿ ನೋಡಿದರೆ ತಿಳಿಯುವುದನ್ನು ನೋಡದೆ ಶೇಕಡಾವಾರು ಮಾಡಿಬಿಟ್ಟಿದ್ದೆ.

1991ರ ಆಗಸ್ಟ್ 23ರಂದು ನಾರ್ವೆಯಲ್ಲಿ ಸ್ಲೈಪ್ನರ್ ಎ ಎಂಬ ಸಮುದ್ರ ವೇದಿಕೆಯ ಕಾಂಕ್ರೀಟ್ ಬುಡ ಪರೀಕ್ಷೆಯ ವೇಳೆ ಮುಳುಗಿತು. ಕಂಪ್ಯೂಟರ್ ಮಾದರಿ ಒರಟಾಗಿದ್ದು, ಗೋಡೆಗಳ ಶಿಯರ್ ಒತ್ತಡವನ್ನು ಶೇ. 47ರಷ್ಟು ಕಡಿಮೆ ತೋರಿಸಿತ್ತು. ಅದನ್ನು ಹತ್ತು ಲಕ್ಷ ಸಲ ಓಡಿಸಿದ್ದರೂ ಅದೇ ತಪ್ಪು ಹತ್ತು ಲಕ್ಷ ಸಲ ಬರುತ್ತಿತ್ತು. ಮಾದರಿಯ ಹೊರಗೆ ಉಳಿದದ್ದನ್ನು ಯಾವ ಸಂಖ್ಯೆಯೂ ಹೇಳುವುದಿಲ್ಲ.

ಮರುದಿನ ಸೊಸೈಟಿಯ ಕಾರ್ಯದರ್ಶಿಯನ್ನು ಕರೆದುಕೊಂಡು ಹೋಗಿ ಕಪಾಟು ಸರಿಸಿಸಿದೆ. ಗಾರೆ ಕೈಗೇ ಬಂತು. ಒಳಗಿನ ಕಂಬಿ ಅರ್ಧಕ್ಕರ್ಧ ಸವೆದಿತ್ತು. ಅದೇ ಲೆಕ್ಕವನ್ನು ಮತ್ತೆ ಓಡಿಸಿದೆ. 40 ಇದ್ದದ್ದು ಸಾವಿರ ದಾಟಿತು. ಸಂಜೆಯೊಳಗೆ ಉಕ್ಕಿನ ಜಾಕ್‌ಗಳು ಬಂದವು.

"ಇರಬೇಡಿ ಅಮ್ಮಾ, ಕಂಬ ಗಟ್ಟಿ ಮಾಡುವ ತನಕ ಮಗಳ ಮನೆಗೆ ಹೋಗಿ" ಎಂದೆ.

"ನಿನ್ನೆ ಯಾಕೆ ಹೇಳ್ಲಿಲ್ಲ?"

"ನಿನ್ನೆ ಗೊತ್ತಿರಲಿಲ್ಲ" ಎನ್ನಹೊರಟವನು ತಡೆದು, "ನಿನ್ನೆ ನೋಡಿರಲಿಲ್ಲ" ಎಂದೆ. ಅಮ್ಮ ಏನೂ ಅನ್ನಲಿಲ್ಲ, ಚೀಲ ತರಲು ಒಳಗೆ ಹೋದರು. ಈಗ ನನ್ನ ವರದಿಗಳಲ್ಲಿ ಶೇಕಡಾವಾರು ಕೊನೆಯಲ್ಲಿ ಬರುತ್ತದೆ. ಮೊದಲ ಪುಟದಲ್ಲಿ, ನಾನು ಕಣ್ಣಾರೆ ನೋಡದ ಕಂಬಗಳ ಪಟ್ಟಿ ಇರುತ್ತದೆ.