ಇಂದಿನ ಚಿಂತನೆ: ಸೇವೆಗೆ ಸಂಬಳವೇಕೆ?



ನನ್ನ ತಮ್ಮನಿಗೆ ಸೊಂಟದ ಕೆಳಗೆ ಸ್ವಾಧೀನವಿಲ್ಲ. ಅವನ ಸಹಾಯಕ್ಕೆ ಬರುವ ಹುಡುಗ ಮೊನ್ನೆ ಸಂಬಳ ಹೆಚ್ಚಿಸಿ ಎಂದ. "ಇದು ಪುಣ್ಯದ ಕೆಲಸವಲ್ಲವೇನಪ್ಪಾ" ಎಂದುಬಿಟ್ಟೆ. ರಾತ್ರಿ ನಿದ್ದೆ ಬರಲಿಲ್ಲ. ನಮ್ಮ ಹಿರಿಯರಿಂದ ಬಿಟ್ಟಿ ಚಾಕರಿ ಮಾಡಿಸಿಕೊಂಡವರ ಮಾತೂ ಇದೇ ಅಲ್ಲವೇ?

ಮಲದಲ್ಲಿ ಬಿದ್ದಿದ್ದ ಭಿಕ್ಷುವನ್ನು ಭಗವಾನರು ಆನಂದರೊಡನೆ ಸ್ವತಃ ತೊಳೆದರು. ಒಳ್ಳೆಯ ಶುಶ್ರೂಷಕನಿಗೆ 5 ಗುಣಗಳನ್ನು ಹೇಳಿದರು. ಹೇಸದಿರುವುದು ಒಂದು, ಲಾಭಕ್ಕಲ್ಲದೆ ಮೈತ್ರಿಯಿಂದ ಮಾಡುವುದು ಇನ್ನೊಂದು. ಹಾಗಾದರೆ ಸಂಬಳ ತಪ್ಪೇ? ಮಹಾವಗ್ಗದಲ್ಲಿ ಮುಂದೆ ಓದಿ: ರೋಗಿ ಭಿಕ್ಷು ತೀರಿಕೊಂಡರೆ ಅವನ ಪಾತ್ರೆ, ಚೀವರಗಳನ್ನು ಆರೈಕೆ ಮಾಡಿದವರಿಗೆ ಕೊಡಲು ಸಂಘಕ್ಕೆ ಅನುಮತಿ ಇತ್ತರು. ಮೈತ್ರಿ ಮಾಡುವವನ ಮನಸ್ಸಿನ ಗುಣ. ಅದರ ನೆಪದಲ್ಲಿ ಮಾಡಿಸಿಕೊಳ್ಳುವವರು ಕೂಲಿ ಹಿಡಿಯುವಂತಿಲ್ಲ.

ಇಂಗ್ಲೆಂಡಿನಲ್ಲಿ, ಸ್ವತಃ ಅಂಗವಿಕಲರಾದ ಸಂಶೋಧಕ ಟಾಮ್ ಶೇಕ್ಸ್‌ಪಿಯರ್ ಅವರ ತಂಡ ಇಂಥ ಸಹಾಯಕರನ್ನೂ ಅಂಗವಿಕಲರನ್ನೂ ಮಾತನಾಡಿಸಿತು. ಅಲ್ಲಿಯೂ ಕಂಡದ್ದು ಇದೇ: ಆ ಸಂಬಂಧ ನೌಕರಿಯೂ ಹೌದು, ಒಡನಾಟವೂ ಹೌದು.

ಬೆಳಿಗ್ಗೆ ಸಂಬಳ ಹೆಚ್ಚಿಸಿದೆ. ತಮ್ಮ ನಕ್ಕ: "ಅವನು ನನ್ನ ಸಹಾಯಕ. ನನ್ನನ್ನು ಕೇಳಿದ್ದರೆ ನಿನ್ನೆಯೇ ಹೇಳುತ್ತಿದ್ದೆ."

ಅವನನ್ನು ಕೇಳಬೇಕೆಂದು ನನಗೆ ಹೊಳೆದೇ ಇರಲಿಲ್ಲ.

ಭವತು ಸಬ್ಬ ಮಂಗಲಂ 🌼